ರಬ್ಬರಿಗೆ ಎಣ್ಣೆ ಕುಡಿಸುವವರು

ನಮ್ಮ ಕಡೆಯವರಿಗೆ ಎಣ್ಣೆಯ ಮೇಲಿರುವ ಭಕ್ತಿ ದೇವರ ಮೇಲೂ ಇಲ್ಲ. ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಯಾವ ಊರಿಗಾದರೂ ಹೋಗಿ ನೋಡಿ. ಆಯುಧಪೂಜೆಯ ಬೆಳಗ್ಗೆ ಗಾಡಿ ತೊಳೆದು, ಕುಂಬಳಕಾಯಿ ಒಡೆಯುವ ಮುಂಚೆ ಅದರಡಿಗೆ ನುಗ್ಗಿ, ಇಂಜಿನ್ನಿನಿಂದ ಇಳಿಸಿಟ್ಟ ಕರಿ ಎಣ್ಣೆಯನ್ನು ಕಂಡ ಕೀಲಿಗೆಲ್ಲ ಸುರಿಯುತ್ತಾರೆ. ಕಬ್ಬಿಣಕ್ಕೆ ಸುರಿಯಲಿ, ಬೇಡವೆನ್ನುವುದಿಲ್ಲ. ಆದರೆ ರಬ್ಬರಿಗೂ ಸುರಿಯುತ್ತಾರೆ. ಎಣ್ಣೆ ಕುಡಿದ ರಬ್ಬರ್ ಉಬ್ಬಿ, ಮೆತ್ತಗಾಗಿ, ಉದುರಿಹೋಗುತ್ತದೆ ಎಂದರೆ ನನ್ನನ್ನೇ ಪಾಪ ಎನ್ನುವಂತೆ ನೋಡುತ್ತಾರೆ.

ನನ್ನದು ಹಳೆಯ ಕಾಲದ ಕಾರು. ಸೀಟು ಕುರ್ಚಿಯಷ್ಟೆತ್ತರ. ಬೆನ್ನಿನ ಡಿಸ್ಕ್ ಜರುಗಿದ ಮೇಲೆ ನನ್ನ ಹೆಂಡತಿ ಹತ್ತಿ ಇಳಿಯಬಲ್ಲ ವಾಹನ ಅದೊಂದೇ. ಅವಳ ತಮ್ಮನ ಹೊಸ ಕಾರಿನಲ್ಲಿ ಕೂರುವುದೆಂದರೆ ಬಾವಿಗಿಳಿದ ಹಾಗೆ. ಎನ್. ಬೇಗೂರಿನಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದರು. ನೋಡಿ ಬರೋಣವೆಂದು ಒಮ್ಮೆ ಹೊರಟೆವು. ದಾರಿಯಲ್ಲಿ ಸಿಗುವ ಹ್ಯಾಂಡ್‌ಪೋಸ್ಟ್ ಎಂಬ ಊರು ಮುಟ್ಟುವ ಮೊದಲೇ ಮುಂದಿನ ಚಕ್ರಗಳು ಗುಂಡಿಗೊಂದು ಸಲ ಧಡ್ ಎನ್ನತೊಡಗಿದವು. ಆ ಪೆಟ್ಟೆಲ್ಲ ಅವಳ ಸೊಂಟಕ್ಕೇ. ಕಣ್ಣಲ್ಲಿ ನೀರು ತುಂಬಿಕೊಂಡು, "ತಿರುಗ್ಸಿಬುಡಿ" ಎಂದಳು. ಅಕ್ಕನ ಮುಖ ನೋಡದೆ ಮನೆಗೆ ಬಂದೆವು. ಆಮೇಲೆ ಸಂಜೆ ಫೋನಿನಲ್ಲಿ ಅಕ್ಕನ ಜೊತೆ ಮಾತಾಡುವಾಗೆಲ್ಲ ಅವಳು ನನಗೆ ಕೇಳಿಸದ ಹಾಗೆ ಹಿತ್ತಿಲಿಗೆ ಹೋಗುತ್ತಿದ್ದಳು.

ಚಕ್ರ ಹಿಡಿದಿರುವ ಕಬ್ಬಿಣದ ತೋಳುಗಳ ಕೀಲಿನಲ್ಲಿ ಕೂರುವ ರಬ್ಬರ್ ಬುಶ್ಶುಗಳು ಸವೆದಿದ್ದವು. ಮೊದಲು ಕೆ.ಆರ್. ನಗರದ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ಹಳೆಯ ಟಯರು ಕೊಯ್ದು ಮಾಡಿದ ತುಂಡು ತೋರಿಸಿ, "ಲಾರಿಗೇ ಇದು ತಡೀತದೆ ಕಣ್ರೀ, ನಿಮ್ದೇನು ಮಹಾ" ಎಂದ. ಕಾರು ತಿರುಗಿಸಿಕೊಂಡು ಬಂದೆ. ಸರಿಯಾದ ಬುಶ್ಶುಗಳನ್ನು ಮೈಸೂರಿನಿಂದ ತರಿಸಿ, ನಾನೇ ಕೈಹಾಕಿದೆ.

ಬೆಳಗಿನ ಕಾಫಿ ಆದ ಮೇಲೆ, ಸ್ನಾನಕ್ಕೆ ಮುಂಚೆ, ದಿನಕ್ಕಿಷ್ಟು ಎಂದು ಕೆಲಸ. ಗೋಣಿತಟ್ಟಿನ ಮೇಲೆ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ. ಉದ್ದ ಬೋಲ್ಟು, ಪೈಪಿನ ತುಂಡು, ದಪ್ಪ ವಾಷರುಗಳನ್ನು ಜೋಡಿಸಿ, ನಟ್ಟು ತಿರುಗಿಸುತ್ತ ಹಳೆಯ ಬುಶ್ಶನ್ನು ಹೊರಗೆಳೆದೆ. ನೆನೆಸಿಟ್ಟ ಹಿಂಡಿಯ ಹಾಗೆ ಕೈಯಲ್ಲೇ ಪುಡಿಯಾಯಿತು. ಮೂಸಿದೆ. ಕರಿ ಎಣ್ಣೆ! ನಾನು ಜನ್ಮದಲ್ಲಿ ಅಲ್ಲಿಗೆ ಎಣ್ಣೆ ಬಿಟ್ಟವನಲ್ಲ.

ಬಾಮೈದ ಜಗಲಿಯಲ್ಲಿ ಕಡ್ಲೆಕಾಯಿ ಬಿಡಿಸುತ್ತ ಕೂತಿದ್ದ. ಕಂಪಲಾಪುರದಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ, ಹಬ್ಬ ತಪ್ಪಿಸದೆ ನಮ್ಮ ಮನೆಗೆ ಬರುತ್ತಾನೆ.

"ನಾನೇ ಕಣ್ ಭಾವ ಬುಟ್ಟಿದ್ದು," ಎಂದ, ಎದೆಯುಬ್ಬಿಸಿ. "ಪೂಜೆ ದಿನ ನೀವು ಸ್ನಾನಕ್ಕೋಗಿರೋವಾಗ. ವರ್ಸಾ ವರ್ಸಾ. ನೀವು ಮರೆತ್ಬುಡ್ತೀರಿ ಅಂತ."

ನನ್ನ ಹೆಂಡತಿ ತನ್ನ ಅಕ್ಕನನ್ನು ನೋಡಲಾಗದೆ ಕೊರಗಿದ್ದು ಈ ಮಹಾನುಭಾವನ ಉಪಕಾರದಿಂದ. ಅದನ್ನು ಅವನಿಗೇ ಹೇಳಿದೆ.

"ಸುಮ್ಕಿರಿ ಭಾವ. ಎಣ್ಣೆ ಬುಟ್ರೆ ಯಾವ್ದಾದ್ರೂ ಕೆಡ್ತದಾ?"

ಹೆಂಡತಿ ಬಾಗಿಲಲ್ಲಿ ನಿಂತು, "ನಿನ್ ತಲೆಗೂ ಬುಟ್ಕತೀಯಲ್ಲ ದಿನಾ, ನೆಟ್ಟಗಾಯ್ತೇನ್ಲಾ?" ಎಂದಳು.

ಹೊಸ ಬುಶ್ಶುಗಳನ್ನು ಬರೀ ಸೋಪಿನ ನೀರು ಸವರಿ ಕೂರಿಸಿದೆ. ಇನ್ನು ಬೋಲ್ಟು ಬಿಗಿಯುವುದು. ಗ್ಯಾರೇಜಿನವರು ಕಾರು ಜಾಕಿನ ಮೇಲಿರುವಾಗಲೇ ಬಿಗಿದು ಕೈ ಒರೆಸಿಕೊಳ್ಳುತ್ತಾರೆ. ಆಗ ತೋಳು ಜೋತುಬಿದ್ದಿರುತ್ತದೆ, ರಬ್ಬರ್ ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಕಾರು ಇಳಿಸಿದ ಕೂಡಲೇ ತಿರುಚಿಕೊಂಡು, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಭಾರ ಹೊತ್ತು ನಿಂತಾಗಲೇ ಬಿಗಿಯಬೇಕು. ಚಕ್ರಗಳನ್ನು ಕಲ್ಲು ಚಪ್ಪಡಿಗಳ ಮೇಲೆ ನಿಲ್ಲಿಸಿದೆ. ಭಾರಕ್ಕೆ ಬಾಮೈದನಿದ್ದ.

"ನಿಮ್ಮಕ್ಕ ಕೂರುವ ಜಾಗದಲ್ಲಿ ಕೂರು. ಅಲ್ಲಾಡಬೇಡ. ಬೇರೇನೂ ಮಾಡಬೇಡ."

ಕೂತ. ನಾನು ಕೆಳಗೆ ಮಲಗಿ ಬಿಗಿಯುತ್ತಿದ್ದರೆ ಮೇಲಿನಿಂದ ಫೋನಿನ ಮಾತು ಕೇಳಿಸುತ್ತಿತ್ತು: "ಭಾವನ ಕಾರು ರಿಪೇರಿ ಮಾಡ್ತಾ ಇವ್ನಿ ಕಣ್ಲಾ. ನಾನಿಲ್ದೆ ಆಗಾಕಿಲ್ವಂತೆ." ಆ ಮನುಷ್ಯನಿಂದ ಈವರೆಗೆ ಆದ ಉಪಯೋಗದ ಕೆಲಸ ಅದೊಂದೇ, ಕೂತದ್ದು.

ಆ ಭಾನುವಾರ ಎನ್. ಬೇಗೂರಿಗೆ ಹೊರಟೆವು. ನಾನು ಬೇಡವೆಂದರೂ ಬಾಮೈದ ಹತ್ತಿಕೊಂಡ. ಹ್ಯಾಂಡ್‌ಪೋಸ್ಟ್ ಬಂತು, ಹೋಯಿತು. ಗುಂಡಿಗಳು ಇದ್ದಲ್ಲೇ ಇದ್ದವು, ಧಡ್ ಎನ್ನುವ ಸದ್ದಿರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದೆ. ಸೀಟಿನ ಅಂಚು ಬಿಗಿಯಾಗಿ ಹಿಡಿದಿದ್ದ ಹೆಂಡತಿಯ ಕೈ ಕೋಟೆ ದಾಟಿದ ಮೇಲೆ ಮಡಿಲಿಗೆ ಬಂದಿತ್ತು. ಅಕ್ಕನ ಮನೆ ಮುಂದೆ ಯಾರ ಕೈಯನ್ನೂ ಹಿಡಿಯದೆ ಇಳಿದು, ನೆಟ್ಟಗೆ ನಡೆದು ಒಳಗೆ ಹೋದಳು. ನಾನೂ ಹಿಂದೆಯೇ ಹೋಗಿ, ಹಾಸಿಗೆಯಲ್ಲಿದ್ದವರನ್ನು ಮಾತಾಡಿಸಿ, ಕಾಫಿಗೆ ಕೂರುವವನಿದ್ದೆ. ಕಿಟಕಿಯಲ್ಲಿ ಕಂಡಿತು: ಬಾಮೈದ ಪಕ್ಕದ ಮನೆಯ ಟ್ರ್ಯಾಕ್ಟರಿನ ಹಿಂದಿನಿಂದ ಬರುತ್ತಿದ್ದಾನೆ. ಕೈಯಲ್ಲಿ ಮಗ್ಗು. ಮಗ್ಗಿನ ತುಂಬ ಕರಿ ಎಣ್ಣೆ.

"ಗಾಡಿ ದೂರದಿಂದ ಬಂದದೆ ಭಾವ," ಎಂದ, ನಾನು ಓಡಿಹೋಗಿ ಅಡ್ಡ ನಿಂತಾಗ. "ವಸೀ ಎಣ್ಣೆ ಬುಡ್ತೀನಿ."

"ಚೆಲ್ಲಿ ಬಾ. ಅಲ್ಲಿ, ಬೇಲಿಯಾಚೆ."

ಅವನು ಚೆಲ್ಲಲಿಲ್ಲ. ಮಗ್ಗು ಹಿಡಿದುಕೊಂಡೇ ಬೇವಿನ ನೆರಳಿನಲ್ಲಿ ಕೂತು ನನ್ನ ಕಡೆ ನೋಡತೊಡಗಿದ. ಒಳಗೆ ಅಕ್ಕತಂಗಿಯರ ನಗು ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೆಂಡತಿ ಊಟಕ್ಕೆ ಕರೆದಳು.

"ತಟ್ಟೆ ಇಲ್ಲಿಗೇ ಕೊಡು," ಎಂದೆ. ಬಾನೆಟ್ಟಿಗೆ ಒರಗಿ, ಮಗ್ಗಿನ ಮೇಲೆ ಕಣ್ಣಿಟ್ಟು ಮುದ್ದೆ ನುಂಗಿದೆ. ಒಳಗಿನ ಮಾತು ಮುಗಿಯುವ ಹಾಗಿರಲಿಲ್ಲ. ಹೊರಡೋಣವೆಂದು ನಾನೂ ಕೂಗಲಿಲ್ಲ.