ನನ್ನ ಕಣ್ಣಿಗಾಗಿ ಇಬ್ಬರು ದೇವರ ಜಗಳ

ಮೊಮ್ಮಗನ ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದಿವೆ. ಸೊಸೆ ಬೇವಿನ ಸೊಪ್ಪು ತಂದು ಹಾಸಿಗೆಯ ಸುತ್ತ ಹರಡಿದಳು. ಆ ಕಹಿ ವಾಸನೆಗೆ ನಾನು ಮತ್ತೆ ಕೂಸಾಗಿ, ಕುರ್ಡಿ ಊರಿನ ನಮ್ಮ ಮನೆಯಲ್ಲಿ ಕೌದಿ ಹೊದ್ದು ಮಲಗಿದ್ದೆ.

ಆಗ ನನಗೂ ಅಮ್ಮ ಬಂದಿದ್ದಳು. ಸಿಡುಬೆಂದರೆ ನಮ್ಮಲ್ಲಿ ದೇವಿಯೇ ಮೈಮೇಲೆ ಬಂದಂತೆ. ಒಗ್ಗರಣೆ ಚುರ್ ಎಂದರೂ ಅವಳು ಸಿಟ್ಟಾಗುತ್ತಾಳೆಂದು ಅವ್ವ ಸಪ್ಪನೆಯ ಅಡಿಗೆ ಮಾಡುತ್ತಿದ್ದಳು. ಅಂಥ ಮನೆಗೆ ಮಾನ್ವಿಯಿಂದ ನನ್ನ ಸೋದರತ್ತೆ ಬಂದಳು. ಗಂಡನ ಜೊತೆ ಅವಳೂ ಕ್ರೈಸ್ತಳಾಗಿದ್ದಳು. ಬಂದವಳೇ ನನ್ನ ಹಣೆ ಮುಟ್ಟಿ ಪ್ರಾರ್ಥನೆ ಶುರುಮಾಡಿದಳು.

“ಯಕ್ಕಾ, ಬಿಡು. ಬ್ಯಾರೆ ದೇವ್ರ ಹೆಸರು ಕೇಳಿದ್ರ ದೇವಿ ಸಿಟ್ಟಾಗಿ ಕೂಸಿನ ಕಣ್ಣು ಒಯ್ತಾಳ,” ಎಂದ ಅಪ್ಪ.

“ಕೂಸಿನ ಕಣ್ಣು ಒಯ್ಯಾಕಿ ಎಂಥಾ ದೇವಿಲೇ? ನಮ್ಮ ಯೇಸಪ್ಪ ಕುರುಡರಿಗೆ ಕಣ್ಣು ಕೊಟ್ಟಾನ.”

“ಹಂಗಾರ ನಿನ್ನ ಗಂಡಗ ಚಾಳೀಸಿನ ಕನ್ನಡಕ ಯಾಕ ಬಂತು?”

ಇಬ್ಬರ ದನಿಯೂ ಏರಿತು. ಅವರಿಗೆ ಗೆಲ್ಲುವ ಚಪಲ, ಹೋಗುವ ಕಣ್ಣು ನನ್ನದು. ಎರಡೂ ಅಂಗೈಯಿಂದ ಕಣ್ಣು ಒತ್ತಿ ಹಿಡಿದುಕೊಂಡೆ. ತೆರೆದಾಗ ಬರೀ ಕತ್ತಲೆಯೇ ಕಂಡರೆ?

“ಕೂಸು ನಡುಗಾಕತ್ತದ, ಇಬ್ರೂ ಸುಮ್ನಾಗ್ರಿ,” ಎಂದಳು ಅವ್ವ.

ಅತ್ತೆ ಹಾಸಿಗೆಯ ಬಳಿಯ ಬೇವಿನ ಟೊಂಗೆ ತೆಗೆದುಕೊಂಡು ನನಗೆ ಗಾಳಿ ಬೀಸಿದಳು. ನಾನು ಮಾತ್ರ ಕೈ ತೆಗೆಯಲಿಲ್ಲ.

ಗುಳ್ಳೆ ಒಣಗಿದವು, ಕಣ್ಣು ಉಳಿದವು. ಉಳಿಸಿದ್ದು ಯಾರ ದೇವರೆಂದು ಅಕ್ಕ ತಮ್ಮ ಸಾಯುವವರೆಗೂ ವಾದಿಸಿದರು.

ಈಗ ಪಡಸಾಲೆಯಲ್ಲಿ ಮಗ ಟಿವಿ ಹಚ್ಚಿದ್ದಾನೆ. ಅದರಲ್ಲಿ ಯಾರೋ ಧರ್ಮದ ಬಗ್ಗೆ ಕೂಗಾಡುತ್ತಿದ್ದಾರೆ. ಆರಿಸು ಎಂದೆ. ನನ್ನ ಕೈ ಆಗಲೇ ಮೊಮ್ಮಗನ ಕಣ್ಣಿನ ಮೇಲಿತ್ತು.