ತಾತನ ಬೂಟು, ಅತ್ತೆಯ ಹಸಿರು ಹರಳು

ಇವತ್ತು ಮನೆಯಲ್ಲಿ ಟೈಲ್ಸ್ ಕತ್ತರಿಸುವಾಗ ಒದ್ದೆ ಕಲ್ಲುಪುಡಿಯ ವಾಸನೆ ಬಂತು. ಮರುಕ್ಷಣ ನಾನು ಮತ್ತೆ ಪುಟ್ಟ ಹುಡುಗಿಯಾಗಿ, ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳಲ್ಲಿದ್ದ ನಮ್ಮ ಲೈನ್ ಮನೆಯಲ್ಲಿದ್ದೆ.

ಅತ್ತೆ ಹಳೆಯ ಹೊಲಿಗೆ ಮಿಷನ್ನಿಗೆ ಸಾಣೆಚಕ್ರ ಕಟ್ಟಿ, ತಾಮ್ರದ ಗಣಿಯ ಹಸಿರು ಕಲ್ಲನ್ನು ಉಂಗುರದ ಹರಳಿಗೆಂದು ಗುಂಡಗೆ ಉಜ್ಜುತ್ತಿದ್ದಳು. ಉಜ್ಜಿದಷ್ಟೂ ಹೊಸ ಹಸಿರು ಪಟ್ಟೆಗಳು ಏಳುತ್ತಿದ್ದವು; ನನಗೆ ಕುಣಿಯುವಷ್ಟು ಖುಷಿ. ಆದರೆ ನೀರು ಆರಿದರೆ ಕಲ್ಲು ಮಂಕಾಗುತ್ತಿತ್ತು. ಯಾವ ಬಟ್ಟೆಯಲ್ಲಿ ತಿಕ್ಕಿದರೂ ಹೊಳಪು ಬರಲಿಲ್ಲ.

"ಚಿನ್ನ ಅಲ್ದಿರೋ ಕಲ್ಗೆ ಇಷ್ಟು ಒದ್ದಾಟ ಯಾಕಮ್ಮಾ" ಎನ್ನುತ್ತಿದ್ದ ತಾತ ಎದ್ದರು. ತಾವು ದುಡಿದ ಚಿನ್ನದ ಗಣಿ ಮುಚ್ಚಿದ ಮೇಲೂ ಯಾರಿಗೂ ಮುಟ್ಟಲು ಬಿಡದ ತಮ್ಮ ಬೂಟಿನ ಮೆತ್ತನೆಯ ಚರ್ಮವನ್ನು ಕತ್ತರಿಸಿ ಕೊಟ್ಟರು. "ಇದ್ರಲ್ಲಿ ಉಜ್ಜು."

ಸ್ವಲ್ಪ ಹೊತ್ತಿಗೆ ಹರಳಿನೊಳಗೆ ನಮ್ಮ ಕಿಟಕಿ ಕಂಡಿತು. ನಾನು ಲೈನ್ ಪೂರ್ತಿ ಓಡಿ ಎಲ್ಲರನ್ನೂ ಕರೆತಂದೆ.

ಇವತ್ತು ಟೈಲ್ಸ್ ಮೇಸ್ತ್ರಿ ನನ್ನ ಬೆರಳಲ್ಲಿದ್ದ ಅದೇ ಹರಳಿನ ಉಂಗುರ ನೋಡಿ, "ಏನಕ್ಕಾ, ಇಷ್ಟೊಂದು ಒಳೀತದೆ?" ಎಂದ.

"ನಮ್ ತಾತನ ಬೂಟು ಕಣಪ್ಪಾ" ಎಂದೆ.