ಬಜೆ ತೇದ ಕೈ

ಬಜೆ ತೇದದ್ದು ನಾನು. ರತ್ನಮ್ಮ ಅಲ್ಲ.

ಇಷ್ಟು ಹೇಳುವುದಕ್ಕೆ ನನಗೆ ಏಳು ವರ್ಷ ಬೇಕಾಯಿತು. ಈ ಪರದೇಶದಲ್ಲಿ, ಪಿನ್ನರ್, ಸ್ಟ್ಯಾನ್ಮೋರ್ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಇವತ್ತಿಗೂ ಓಡಾಡುವ ಒಂದು ಕಥೆಯಿದೆ — ಬಾಣಂತನಕ್ಕೆ ಬಂದ ಹೆಂಗಸು ತಾಯಿಗೆ ತಿಳಿಯದಂತೆ ಹಸುಗೂಸಿಗೆ ಬೇರು ತೇದು ನೆಕ್ಕಿಸಿದಳು, ಮಗು ಆಸ್ಪತ್ರೆ ಸೇರಿತು, ಅಂಥವರನ್ನು ಮನೆಗೆ ಸೇರಿಸಬೇಡಿ ಅಂತ. ನೀವೂ ಕೇಳಿರುತ್ತೀರಿ. ಆ ಮಗು ನನ್ನ ಮಗ. ಆ ಕಥೆ ಕಟ್ಟಿದವಳು ನಾನು.

ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು. ಇದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಅವ್ವ ಮಂಡ್ಯದಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹೊರಟರೆ ಮನೆಯಿಂದ ಮನೆಗೆ. ಬಚ್ಚಲಲ್ಲಿ ಮಣೆ ಹಾಕಿ, ಸೀರೆ ಮೊಣಕಾಲಿಗೆ ಎತ್ತಿ, ಚಾಚಿದ ಕಾಲಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುತ್ತಿದ್ದಳು. ಸಂಜೆ ಬಂದಾಗ ಅವಳ ಮೈಗೆ ಹರಳೆಣ್ಣೆಯ ವಾಸನೆ. ಕಾಲೇಜಿನಲ್ಲಿ ಯಾರಾದರೂ ‘ನಿಮ್ಮಮ್ಮ ಏನ್ ಮಾಡ್ತಾರೆ?’ ಅಂದರೆ, ‘ಆಸ್ಪತ್ರೆಯಲ್ಲಿದ್ದಾರೆ’ ಅನ್ನುತ್ತಿದ್ದೆ. ಸುಳ್ಳಿನ ಅಭ್ಯಾಸ ಅಲ್ಲಿಂದಲೇ ಶುರುವಾಗಿತ್ತೋ ಏನೋ —

ನನ್ನ ಹೆರಿಗೆಗೆ ಅವ್ವ ಬರಬೇಕಿತ್ತು. ವೀಸಾ ಸಿಗಲಿಲ್ಲ, ಬಂದವಳು ವಾಪಸ್ ಹೋಗುತ್ತಾಳೆಂಬ ನಂಬಿಕೆ ವೀಸಾ ಕೊಡುವವರಿಗೆ ಬರಲಿಲ್ಲವಂತೆ. ಮನೆಕೆಲಸದವರನ್ನು ಕಳಿಸುವ ಏಜೆನ್ಸಿಗಳಿಗೆ ಫೋನ್ ಮಾಡಿದೆ. ಕೆಲಸಕ್ಕೆ ಜನವೇ ಇಲ್ಲ, ಯೂರೋಪಿನ ಹುಡುಗಿಯರು ಬರುವುದೂ ಕಡಿಮೆಯಾಗಿದೆ ಎಂದರು. ಜನ ಇದ್ದರೂ ಕೂಸಿಗೆ ಎಣ್ಣೆನೀರು ಹಾಕಲು ಯಾವ ಏಜೆನ್ಸಿ ಕಳಿಸುತ್ತದೆ? ಸಿಸೇರಿಯನ್ ಆಗಿತ್ತು. ಗಂಡನ ರಜೆ ಮುಗಿದಿತ್ತು. ಆಗ ಸ್ಟ್ಯಾನ್ಮೋರ್‌ನ ಡಾಕ್ಟರ್ ಮನೆಯಾಕೆ ಸುಧಾ ಒಂದು ನಂಬರ್ ಕಳಿಸಿದರು. ‘ನನ್ನ ಎರಡೂ ಮಕ್ಕಳಿಗೂ ಇವರೇ ಮಾಡಿದ್ದು. ಚಿನ್ನದಂಥ ಕೈ. ಜಾಸ್ತಿ ಏನೂ ಕೇಳೋಕೆ ಹೋಗ್ಬೇಡ ಅಷ್ಟೆ.’

ಏನನ್ನು ಕೇಳಬಾರದು ಎಂದು ನಮಗೆಲ್ಲ ಗೊತ್ತಿತ್ತು. ರತ್ನಮ್ಮ ಮಳವಳ್ಳಿ ಕಡೆಯವಳು. ಒಂದು ಶ್ರೀಮಂತ ಕುಟುಂಬದ ಜೊತೆ ಮನೆಕೆಲಸಕ್ಕೆಂದು ಈ ದೇಶಕ್ಕೆ ಬಂದಿದ್ದಳು. ಆ ಮನೆಯಲ್ಲಿ ಹೊಡೆತ ತಾಳಲಾರದೆ ಹೊರಗೆ ಬಿದ್ದಿದ್ದಳು. ಪಾಸ್‌ಪೋರ್ಟ್ ಅವರ ಬೀರುವಿನಲ್ಲೇ ಉಳಿಯಿತು. ಆಮೇಲೆ ವೀಸಾ ಮುಗಿಯಿತು, ಅವಳು ಮಾತ್ರ ಇಲ್ಲಿಯೇ ಉಳಿದಳು — ಟೂಟಿಂಗ್‌ನಲ್ಲಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ತನ್ನಂಥ ಇನ್ನಷ್ಟು ಹೆಂಗಸರ ಜೊತೆ. ಊರಿನಲ್ಲಿ ಮಗಳು ಪುಷ್ಪ ನರ್ಸಿಂಗ್ ಓದುತ್ತಿದ್ದಳು. ‘ಅವ್ಳು ಪಾಸಾದ ದಿನ ನಾನೇ ಏರೋಪ್ಲೇನ್ ಹತ್ಕಂಡು ಹೊಂಟೋಯ್ತೀನಿ, ಯಾರೂ ಕಳ್ಸೋದೇ ಬ್ಯಾಡ’ ಎಂದು ನಗುತ್ತಿದ್ದಳು. ಅವರ ಮನೆಯಲ್ಲಿ ಡಿಗ್ರಿ ಕಾಣಬೇಕಿದ್ದ ಮೊದಲನೆಯವಳು ಪುಷ್ಪ.

ರತ್ನಮ್ಮ ಬಂದ ಮೇಲೆ ನನ್ನ ಫ್ಲಾಟಿಗೆ ಅವ್ವನ ವಾಸನೆ ಬಂತು. ದಿನಾ ವಿಡಿಯೋದಲ್ಲಿ ಅವರಿಬ್ಬರದೇ ಮಾತು. ‘ಬೆಳ್ಳುಳ್ಳಿ ಸುಟ್ಟಾಕು ರತ್ನಾ, ಹಸೀದು ಹಾಕ್ಬ್ಯಾಡ.’ ‘ಸುಡಕ್ಕೆ ಇಲ್ಲಿ ಒಲೆ ಎಲ್ಲೈತಕ್ಕ? ಹೊಗೆ ಬಂದ್ರೆ ಗೋಡೆ ಮ್ಯಾಲಿನ ಗಂಟೆ ಬಡ್ಕತದೆ!’ ಇಬ್ಬರೂ ನಗುತ್ತಿದ್ದರು. ನಾನು ಮಂಚದ ಮೇಲೆ ಮಲಗಿ ಕೇಳುತ್ತಿದ್ದೆ. ಅಷ್ಟು ಸುಖವಾಗಿ ನಾನು ಈ ದೇಶದಲ್ಲಿ ಯಾವತ್ತೂ ಮಲಗಿರಲಿಲ್ಲ.

ಮೂರನೆಯ ವಾರ ಮಗು ಹೊಟ್ಟೆನೋವಿಗೆ ಅಳತೊಡಗಿತು. ಕಾಲು ಮಡಚಿ, ಮುಖ ಕೆಂಪು ಮಾಡಿಕೊಂಡು, ನಿಲ್ಲಿಸದೆ ಅಳು. ಅವ್ವ ಹೇಳಿದಳು, ‘ಬಜೆ ಕಳ್ಸಿದ್ನಲ್ಲ, ತೇದು ಒಂದೆರಡು ಸುತ್ತು ನಾಲ್ಗೆಗೆ ಹಚ್ಚು. ನಿಂಗೂ ಹಂಗೇ ಹಚ್ಚಿ ಬೆಳ್ಸಿದ್ದು.’ ಬಜೆಯ ಬೇರು, ಸಣ್ಣ ಸಾಣೆಕಲ್ಲು ಎರಡೂ ನನ್ನ ಸೂಟ್‌ಕೇಸಿನಲ್ಲಿದ್ದವು. ನಾನು ಕೆಲಸದಲ್ಲಿ ಎಷ್ಟು ತಾಯಂದಿರಿಗೆ ಹೇಳಿದ್ದೆ — ಹಾಲು ಬಿಟ್ಟು ಬೇರೇನೂ ಬಾಯಿಗೆ ಹಾಕಬೇಡಿ, ನಾಟಿ ಬೇರು ಗೀರು ಮುಟ್ಟಲೇಬೇಡಿ ಅಂತ. ಆದರೆ ಅದು ಬೇರೆಯವರ ಮಗು.

ಕಲ್ಲನ್ನೂ ಬೇರನ್ನೂ ರತ್ನಮ್ಮನ ಮುಂದೆ ಚಾಚಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

‘ನನ್ ಕೈಲಿ ಬ್ಯಾಡಿ ತಾಯಿ. ನೀರು ಹುಯ್ತೀನಿ, ಎಣ್ಣೆ ತಿಕ್ತೀನಿ, ಸಾರು ಮಾಡಿಕ್ತೀನಿ. ಮದ್ದು ತೇಯೋದು ಮನೆಯೋರು. ನಮ್ಮೂರಲ್ಲೂ ಹಂಗೇಯ. ನಾಳೆ ಹೆಚ್ಚುಕಮ್ಮಿ ಆದ್ರೆ ಹೊರಗ್ನೋಳ ತಲೆ ಮ್ಯಾಕೇ ಬರೋದು.’

‘ನಿಮಗೆ ಎಲ್ಲದಕ್ಕೂ ಹೆದರಿಕೆ ರತ್ನಕ್ಕ’ ಎಂದು ನಕ್ಕೆ.

‘ಹೆದ್ರುಕೆ ಇರೋದ್ಕೇ ಇನ್ನೂ ಇಲ್ಲಿವ್ನಿ’ ಎಂದಳು. ಮಗುವನ್ನು ಮಾತ್ರ ತೊಡೆಯ ಮೇಲೆ ಹಿಡಿದುಕೊಂಡಳು, ಯಾಕೆಂದರೆ ಹಿಡಿ ಅಂದೆ.

ತೇದೆ. ಅವ್ವ ಹೇಳಿದ್ದು ಒಂದೆರಡು ಸುತ್ತು. ಮಗು ಅಳುತ್ತಲೇ ಇತ್ತು, ನಾನು ತೇಯುತ್ತಲೇ ಇದ್ದೆ. ಮಿಲಿಗ್ರಾಂ ಲೆಕ್ಕದಲ್ಲಿ ಔಷಧಿ ತೂಗುವವಳಿಗೆ ಆ ಕಲ್ಲಿನ ಮೇಲೆ ಎಷ್ಟು ಇಳಿಯಿತೆಂಬ ಅಂದಾಜೇ ಇರಲಿಲ್ಲ. ಬೆರಳಲ್ಲಿ ಬಳಿದು ನಾಲಿಗೆಗೆ ಹಚ್ಚಿದೆ. ಅಳು ನಿಂತಿತು. ಗೆದ್ದೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು, ಮತ್ತೆ ವಾಂತಿ, ಆಮೇಲೆ ಕಣ್ಣು ಬಿಡಲಾಗದಷ್ಟು ಸುಸ್ತು.

ಆಂಬುಲೆನ್ಸ್ ಬಂದಾಗ ರತ್ನಮ್ಮ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಯೂನಿಫಾರ್ಮ್ ಕಂಡರೆ ಹಾಗೆ ನಿಲ್ಲುವುದು ಅವಳ ರೂಢಿ. ನನಗೆ ಹೊಲಿಗೆಯ ನೋವು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯಲು ಆಗಲಿಲ್ಲ. ‘ನೀವೂ ಬನ್ನಿ ರತ್ನಕ್ಕ’ ಎಂದು ಅತ್ತೆ. ಅವಳು ಒಂದು ಗಳಿಗೆ ಬಾಗಿಲ ಕಡೆ ನೋಡಿದಳು. ಆಮೇಲೆ ಕೋಟು ಹಾಕಿಕೊಂಡು ಕೂಸನ್ನು ಎದೆಗವಚಿಕೊಂಡಳು. ನನ್ನನ್ನು ನಂಬಿ ಬಂದಳು.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಕೇಳಿದಳು, ಹಾಲು ಬಿಟ್ಟು ಬೇರೆ ಏನಾದರೂ ಕೊಟ್ಟಿದ್ದೀರಾ? ಮಗುವಿಗಾಗಿ ನಿಜ ಹೇಳಲೇಬೇಕಿತ್ತು. ಬಜೆಯ ಬೇರು ಎಂದೆ. ಅದರ ಸಸ್ಯಶಾಸ್ತ್ರದ ಹೆಸರನ್ನೂ ಹೇಳಿದೆ. ಅವಳು ಪೆನ್ನು ನಿಲ್ಲಿಸಿ ನನ್ನ ಕೆಲಸ ಏನೆಂದು ಕೇಳಿದಳು. ಫಾರ್ಮಸಿಸ್ಟ್. ಕೊಟ್ಟಿದ್ದು ಯಾರು ಎಂದು ಕೇಳಿದಳು.

ಆ ಕ್ಷಣದಲ್ಲಿ ನನಗೆ ಕಂಡದ್ದು ಮಗುವಿನ ಮುಖವಲ್ಲ. ನನ್ನ ರಿಜಿಸ್ಟ್ರೇಷನ್, ನನ್ನ ಬ್ಯಾಡ್ಜು, ನನ್ನ ಡಿಪಾರ್ಟ್‌ಮೆಂಟಿನವರ ಮುಖ. ಇಷ್ಟು ಓದಿ ಕೊನೆಗೆ ಬೇರು ತೇದಳಂತೆ ಅನ್ನುವ ಮಾತು.

‘ಶೀ ಡಿಡ್’ ಎಂದೆ. ‘ವಿದೌಟ್ ಆಸ್ಕಿಂಗ್ ಮಿ.’

ರತ್ನಮ್ಮ ನನ್ನ ಪಕ್ಕದಲ್ಲೇ ಮಗುವಿನ ಚೀಲ ಹಿಡಿದು ನಿಂತಿದ್ದಳು. ಡಾಕ್ಟರ್ ಅವಳ ಕಡೆ ತಿರುಗಿ ನೋಡಿ ಹೊರಗೆ ಹೋದಳು.

‘ಏನಂದ್ರಿ ತಾಯಿ ಆಕೆಗೆ?’

‘ಏನಿಲ್ಲ ರತ್ನಕ್ಕ. ಮಗು ಹುಷಾರಾಗ್ತಾನಂತೆ.’

ಅವಳು ಚೀಲವನ್ನು ಕುರ್ಚಿಯ ಮೇಲಿಟ್ಟಳು. ‘ನಾನು ಈ ಊರಿಗೆ ಬಂದು ಎಷ್ಟು ವರ್ಸ ಆಯ್ತು ಅಂತ ಗೊತ್ತಾ ನಿಮ್ಗೆ? ಶೀ ಅಂದ್ರೆ ಯಾರು ಅಂತ ತಿಳಿಯಕ್ಕಿಲ್ವಾ ನಂಗೆ?’

ಕೂಗಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಕಾರಿಡಾರಿನ ತುದಿಯವರೆಗೆ ನಡೆದು ಹೋದಳು. ನಾನು ಹೆಸರು ಹಿಡಿದು ಕರೆಯಬಹುದಿತ್ತು. ಕರೆಯಲಿಲ್ಲ.

ಮಗು ಮರುದಿನವೇ ಚೇತರಿಸಿಕೊಂಡಿತು. ಅಷ್ಟಕ್ಕೇ ನಿಂತಿದ್ದರೆ — ಇಲ್ಲ, ಅಷ್ಟಕ್ಕೇ ನಿಂತಿದ್ದರೂ ಸಾಕಷ್ಟಾಗುತ್ತಿತ್ತು. ಆದರೆ ನಿಲ್ಲಲಿಲ್ಲ. ಕೌನ್ಸಿಲಿನಿಂದ, ಅಂದರೆ ಇಲ್ಲಿನ ನಗರಸಭೆಯ ಮಕ್ಕಳ ರಕ್ಷಣೆಯ ವಿಭಾಗದಿಂದ, ಒಬ್ಬಾಕೆ ವಿಚಾರಣೆಗೆ ಬಂದಳು. ಮಗುವನ್ನು ನೋಡಿಕೊಳ್ಳುತ್ತಿದ್ದವಳ ಹೆಸರು, ವಿಳಾಸ ಕೇಳಿದಳು. ಪೂರ್ತಿ ಹೆಸರು ಕೊಟ್ಟೆ, ಟೂಟಿಂಗ್‌ನ ಆ ಕೋಣೆಯ ವಿಳಾಸ ಕೊಟ್ಟೆ. ಆಮೇಲೆ, ಅವಳು ಕೇಳದೇ ಇದ್ದದ್ದನ್ನೂ ಸೇರಿಸಿದೆ: ‘ಅವಳ ಹತ್ತಿರ ಕಾಗದಪತ್ರ ಇದ್ದಂತಿಲ್ಲ.’ ಯಾಕೆ ಹೇಳಿದೆ? ಕಾಗದವಿಲ್ಲದವಳ ಮಾತಿಗಿಂತ ನನ್ನ ಮಾತಿಗೆ ತೂಕ ಹೆಚ್ಚಲಿ ಎಂದು. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಕೆಲವು ವಾರಗಳ ನಂತರ ಇಮಿಗ್ರೇಷನ್‌ನವರು ಆ ಕೋಣೆಗೆ ಹೋದರು. ನನ್ನ ಮಾತಿಗೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ ನನಗೆ ತಿಳಿಯದು. ಇರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವಳನ್ನು ವಾಪಸ್ ಕಳಿಸಿದರು. ಪುಷ್ಪ ಪಾಸಾದ ದಿನವಲ್ಲ. ಪುಷ್ಪಳ ಎರಡನೆಯ ವರ್ಷದ ನಡುವೆ.

ಆಮೇಲೆ ಸುಧಾ ಮನೆಯಲ್ಲಿ ನಡೆದ ಅವರ ನಂಟರ ಕೂಸಿನ ನಾಮಕರಣದಲ್ಲಿ ನನ್ನ ಸುತ್ತ ಹೆಂಗಸರು ನೆರೆದಿದ್ದರು. ‘ಪಾಪ ಕಣೇ ಸವಿತಾ. ನಂಬಿ ಫ್ಲಾಟಿನೊಳಗೆ ಬಿಟ್ಕೊಂಡ್ರೆ ಎಂಥ ಮೋಸ!’ ‘ನನ್ನ ಮಕ್ಕಳನ್ನೂ ಅವಳ ಕೈಗೇ ಕೊಟ್ಟಿದ್ದೆ, ನೆನೆಸ್ಕೊಂಡ್ರೆ ಭಯ ಆಗತ್ತೆ ಕಣ್ರೀ.’ ‘ಆಯ್ತಲ್ಲ ಬಿಡಿ, ಹೋದ್ಲಲ್ಲ.’ ನಾನು ಮೋಸಹೋದವಳ ಮುಖ ಹೊತ್ತು ಕೂತಿದ್ದೆ. ತಟ್ಟೆಗೆ ಯಾರೋ ಇನ್ನೊಂದು ಒಬ್ಬಟ್ಟು ಹಾಕಿದರು. ತಿಂದೆ.

ಆ ಕಥೆಯನ್ನು ನಂಬದೆ ಹೋದವಳು ಅವ್ವ ಒಬ್ಬಳೇ. ಆಸ್ಪತ್ರೆಯಿಂದ ಬಂದ ದಿನವೇ ಅವಳಿಗೂ ಅದನ್ನೇ ಹೇಳಿದ್ದೆ — ನಾನು ತೇಯುವ ಮೊದಲೇ ರತ್ನಮ್ಮ ತೇದುಬಿಟ್ಟಿದ್ದಳು, ನನಗೆ ಗೊತ್ತೇ ಆಗಲಿಲ್ಲ ಅಂತ.

‘ನೀರು ಹುಯ್ಯೋಳು ಮದ್ದು ತೇಯಕ್ಕಿಲ್ಲ ಕಣೇ’ ಎಂದಳು ಅವ್ವ. ‘ನಾನು ಇಷ್ಟು ಮನೆ ತಿರುಗ್ದೆ. ಒಂದು ಮಗೀಗೂ ನನ್ ಕೈಯಾರ ತೇದಿಲ್ಲ. ಯಾವ್ಳೂ ತೇಯಕ್ಕಿಲ್ಲ. ಸರಿಯಾಗಿ ಹೇಳು, ಯಾರು ತೇದೋರು?’

‘ಅವಳೇ ಅವ್ವ.’

‘ಸರಿ. ಮಡಗ್ತೀನಿ’ ಎಂದು ಫೋನ್ ಇಟ್ಟಳು. ಅವತ್ತಿನಿಂದ ನನ್ನ ಮುಂದೆ ರತ್ನಮ್ಮನ ಹೆಸರು ಎತ್ತಲಿಲ್ಲ. ಅವ್ವ ಮರೆತಳೆಂದೇ ತಿಳಿದಿದ್ದೆ.

ಮೊನ್ನೆ ಪಿನ್ನರ್‌ನಿಂದ ಒಬ್ಬ ತುಂಬು ಬಸುರಿ ಫೋನ್ ಮಾಡಿದಳು. ಬೆಂಗಳೂರಿನ ಹುಡುಗಿ, ಐಟಿ ಕೆಲಸ. ‘ಆಂಟಿ, ಬಾಣಂತನಕ್ಕೆ ಯಾರಾದ್ರೂ ಗೊತ್ತಾ? ಅಮ್ಮನಿಗೆ ವೀಸಾ ಸಿಗ್ಲಿಲ್ಲ. ಎಲ್ಲೂ ಜನ ಸಿಗ್ತಿಲ್ಲ. ಆದ್ರೆ ಆ ಬೇರು ತೇಯೋಳ ಥರದವರು ಬೇಡ ಪ್ಲೀಸ್.’ ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕಥೆ ನನ್ನ ಹೆಸರನ್ನು ಬಿಟ್ಟು, ರತ್ನಮ್ಮನ ಹೆಸರನ್ನೂ ಬಿಟ್ಟು, ಒಂದು ಎಚ್ಚರಿಕೆಯಾಗಿ ಹೊಸ ಬಸುರಿಯರವರೆಗೆ ತಲುಪಿತ್ತು. ‘ತೇದದ್ದು ನಾನಮ್ಮ’ ಎಂದೆ. ಬಾಯಿಂದ ಹಾಗೇ ಹೊರಬಿತ್ತು. ಅವಳು ‘ಓಕೆ ಆಂಟಿ, ಆಮೇಲೆ ಮಾಡ್ತೀನಿ’ ಎಂದು ಇಟ್ಟಳು.

ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಳುವೆನೆಂದುಕೊಂಡಿದ್ದೆ, ಅವಳು ಅಳುವುದಕ್ಕೆ ಬಿಡಲಿಲ್ಲ.

‘ಅವ್ಳ ನಂಬರು ಐತೆ, ತಕ್ಕೋ. ಇಷ್ಟು ವರ್ಸದಿಂದ ಮಾತಾಡ್ತಾನೇ ಇವ್ನಿ. ಅವ್ಳು ನಿನ್ ಹೆಸ್ರು ಎತ್ತಕ್ಕಿಲ್ಲ, ನಾನೂ ಎತ್ತಕ್ಕಿಲ್ಲ. ಮಗ್ಳು ಓದು ಬುಟ್ಟು ಗಾರ್ಮೆಂಟ್ಸ್‌ಗೆ ಹೋಯ್ತವ್ಳೆ. ನನ್ ಮುಂದೆ ಹೇಳಿ ಏನ್ ಬಂತು? ಅವ್ಳಿಗೆ ಹೇಳು.’

ಏಳು ವರ್ಷ ನನ್ನ ಅವ್ವ ರತ್ನಮ್ಮನ ಜೊತೆ ನಾನು ಬಿಟ್ಟ ಮಾತನ್ನು ಒಬ್ಬಳೇ ಆಡುತ್ತಿದ್ದಳು. ನನಗೆ ತಿಳಿಸದೆ.

ರತ್ನಮ್ಮ ಎರಡನೆಯ ಸಲಕ್ಕೆ ಎತ್ತಿದಳು. ನಾನು ಸವಿತಾ ಎಂದೆ. ಬಚ್ಚಲಲ್ಲಿ ನೀರು ಬೀಳುವ ಸದ್ದು, ಕೂಸಿನ ಅಳು ಕೇಳುತ್ತಿತ್ತು. ಯಾರಿಗೋ ‘ಹಿಡ್ಕೊಳವ್ವ ಒಂದ್ ಗಳ್ಗೆ’ ಎಂದಳು. ನಾನು ಸಿದ್ಧಮಾಡಿಕೊಂಡ ಮಾತೆಲ್ಲ ಒಂದೇ ಉಸಿರಿಗೆ ಹೇಳಿದೆ. ತೇದದ್ದು ನಾನು, ಹೇಳಿದ್ದು ಸುಳ್ಳು, ವಿಳಾಸ ಕೊಟ್ಟದ್ದೂ ನಾನೇ —

‘ಗೊತ್ತಿರೋದ್ನ ನಂಗ್ಯಾಕೆ ಹೇಳ್ತೀರಿ ತಾಯಿ?’ ಎಂದಳು. ‘ಮಗೀನ ತೊಡೆ ಮ್ಯಾಲೆ ಹಿಡ್ಕಂಡಿದ್ದೋಳು ನಾನೇ ಅಲ್ವಾ? ವಿಳಾಸದ್ದು ಈಗ ತಿಳೀತು ಅಷ್ಟೆ.’

‘ತಪ್ಪಾಯ್ತು ರತ್ನಕ್ಕ.’

‘ಅದ್ನ ನೀವೇ ಮಡಿಕಳಿ. ನಾನು ನೀರು ಹುಯ್ದ ಮನೆಗೋಳಿಗೆ ಹೋಗಿ ಹೇಳಿ. ಆ ಮಕ್ಕಳ ತಾಯಂದ್ರಿಗೆ. ನಾನು ಚಳೀಲಿ ಒಂದೊಂದು ಮನೆಗೂ ನಡ್ಕಂಡೋಯ್ತಿದ್ದೆ. ನೀವೂ ಹೋಗಿ.’

ಮಗುವಿನ ಅಳು ಜೋರಾಯಿತು. ಫೋನ್ ಕಟ್ಟಾಯಿತು.

ಅದಕ್ಕೇ ಇದನ್ನು ಬರೆದೆ. ಆಸ್ಪತ್ರೆಗೂ, ನನಗೆ ರಿಜಿಸ್ಟ್ರೇಷನ್ ಕೊಟ್ಟವರಿಗೂ ತಿಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಗಂಡನಿಗೂ ಇದೇ ಮೊದಲು ಗೊತ್ತಾದದ್ದು. ಓದಿ ಮುಗಿಸಿ, ಕುಡಿದ ಲೋಟ ತೊಳೆದಿಟ್ಟು ವಾಕಿಂಗ್ ಹೋದ.

ಆದರೆ ರತ್ನಮ್ಮ ಬರೆ ಅನ್ನಲಿಲ್ಲ, ಹೋಗು ಅಂದಳು. ಶನಿವಾರ ಸುಧಾ ಮನೆಯಿಂದ ಶುರು ಮಾಡುತ್ತೇನೆ. ಕಾರು ಬೇಡ. ಟ್ಯೂಬ್ ರೈಲಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಅವಳು ನಡೆಯುತ್ತಿದ್ದ ಏರುರಸ್ತೆಯಲ್ಲಿ ನಡೆದು ಹೋಗುತ್ತೇನೆ. ಸುಧಾ ಬಾಗಿಲು ತೆರೆದು ‘ಬಾರೇ ಒಳಗೆ’ ಅನ್ನುತ್ತಾರೆ. ಹೇಳಿ ಮುಗಿಸುವವರೆಗೆ ಹೊಸ್ತಿಲ ಆಚೆಯೇ ನಿಂತಿರುತ್ತೇನೆ. ಆಮೇಲೂ ಅವರು ಒಳಗೆ ಕರೆದರೆ, ಇನ್ನೂ ಬೇರೆ ಮನೆಗಳಿವೆ ಎಂದು ಹೇಳಿ ಹೊರಡುತ್ತೇನೆ.